ಏನಾದ್ರೂ ವಿಶೇಷ ಇದೆಯಾ?

ಫೋನ್‌ನಲ್ಲಿ ಟೇಬಲ್ ಬುಕ್ ಮಾಡೋಕೆ ಹೋದರೆ ಈಗಿನ ರೆಸ್ಟೋರೆಂಟ್‌ಗಳು ಕೊನೆಗೆ ಒಂದು ಪ್ರಶ್ನೆ ಕೇಳುತ್ತವೆ. ಏನು ವಿಶೇಷ? ಹುಟ್ಟುಹಬ್ಬವಾ, ಆನಿವರ್ಸರಿಯಾ, ಹನಿಮೂನಾ? ಒಂದನ್ನು ಆರಿಸಿ ಒತ್ತಬೇಕು. ನಾನು ಆ ಪ್ರಶ್ನೆಯ ಹತ್ತಿರ ಬಂದು ನಿಂತುಬಿಟ್ಟೆ. ಮದುವೆಯಾಗಿ ಒಂಬತ್ತು ವರ್ಷ ಆದವಳನ್ನು ‘ಏನಾದ್ರೂ ವಿಶೇಷ ಇದೆಯಾ?’ ಅಂತ ಕೇಳಿದರೆ ನಮ್ಮ ಕಡೆ ಅದಕ್ಕೆ ಇರೋದು ಒಂದೇ ಅರ್ಥ. ಅದು ನಿಮಗೂ ಗೊತ್ತು.

ಯಾದವಗಿರಿಯ ನಮ್ಮ ಬೀದಿಯಲ್ಲಿ ಆ ಪ್ರಶ್ನೆಯನ್ನು ನಾನು ತರಕಾರಿ ಗಾಡಿಯ ಮುಂದೆ ಕೇಳಿಸಿಕೊಂಡಿದ್ದೇನೆ, ರಾಮಕೃಷ್ಣ ಆಶ್ರಮದ ಗೇಟಿನ ಹತ್ತಿರ ಕೇಳಿಸಿಕೊಂಡಿದ್ದೇನೆ, ನಾದಿನಿಯ ಮಗಳ ನಾಮಕರಣದಲ್ಲಂತೂ ಊಟದ ಎಲೆಯ ಮುಂದೆಯೇ ಕೇಳಿಸಿಕೊಂಡಿದ್ದೇನೆ. ಕೇಳುವವರಿಗೆ ಕೆಟ್ಟ ಮನಸ್ಸೇನಿಲ್ಲ. ಆದರೆ ನಮಗೆ ಎರಡು ಸಲ ಐವಿಎಫ್ ಆಗಿತ್ತು, ಎರಡೂ ಸಲ ನಿಲ್ಲಲಿಲ್ಲ. ಮೂರನೇ ಸಲಕ್ಕೆ ಅಂತ ದುಡ್ಡು ಎತ್ತಿಟ್ಟು ಎಂಟು ತಿಂಗಳಾಗಿತ್ತು. ಯಾವಾಗ ಹೋಗೋಣ ಅಂತ ಇವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮನೆಯಲ್ಲಿ ಕರೆಂಟ್ ಬಿಲ್ ಬಗ್ಗೆ ಮಾತಾಡುತ್ತಿದ್ದೆವು, ಆಫೀಸಿನ ಅಪ್ರೈಸಲ್ ಬಗ್ಗೆ ಮಾತಾಡುತ್ತಿದ್ದೆವು, ಇದೊಂದನ್ನು ಮಾತ್ರ ಸುತ್ತಿ ಬಳಸಿ ದಾಟಿಬಿಡುತ್ತಿದ್ದೆವು.

ಆಗ ಇವರು ಒಂದು ದಿನ, ‘ಈ ಸಲ ಆನಿವರ್ಸರಿಗೆ ಸಮುದ್ರದ ಮುಂದೆ ಕೂತು ಊಟ ಮಾಡೋಣ ಕಣೇ. ದ್ವೀಪದಲ್ಲಿ. ನಾವಿಬ್ಬರೇ’ ಅಂದರು. ಆ ದುಡ್ಡಿನಲ್ಲೇ ಸ್ವಲ್ಪ ತೆಗೆಯೋಣ ಅಂತ ಬಾಯಿ ಬಿಟ್ಟು ಹೇಳಲಿಲ್ಲ. ನನಗೆ ಅರ್ಥವಾಯಿತು. ಜಾಗ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

ದ್ವೀಪ ಅಂದ ಕೂಡಲೇ ಮೈಸೂರಿನವರಿಗೆ ಮೊದಲು ನೆನಪಾಗೋದು ಮಲ್ಪೆಯ ಸೇಂಟ್ ಮೇರೀಸ್. ಕಂಬ ಕಂಬವಾಗಿ ನಿಂತ ಆ ಕಪ್ಪು ಕಲ್ಲುಗಳನ್ನು ಶಾಲೆಯ ಟ್ರಿಪ್‌ನಲ್ಲಿ ನೋಡಿದ್ದೆ. ಆದರೆ ಅಲ್ಲಿ ರಾತ್ರಿ ಉಳಿಯುವ ಹಾಗಿಲ್ಲ. ಸಂಜೆಯ ಕೊನೇ ಬೋಟು ಹತ್ತಲೇಬೇಕು. ಮಧ್ಯಾಹ್ನಕ್ಕೆ ಬುತ್ತಿ ಕಟ್ಟಿಕೊಂಡು ಹೋಗಬಹುದೇ ಹೊರತು ರಾತ್ರಿಯ ಊಟ ಅಲ್ಲಿ ಆಗದ ಮಾತು. ಆಮೇಲೆ ಮುರ್ಡೇಶ್ವರ ನೆನಪಾಯಿತು. ಅಲ್ಲಿ ಕಡಲಿನ ಮೇಲೇ ಕಂಬ ನಿಲ್ಲಿಸಿ ಕಟ್ಟಿದ ಹೋಟೆಲ್ ಇದೆ, ಕಿಟಕಿಯಿಂದ ಬಗ್ಗಿದರೆ ಕೆಳಗೇ ಅಲೆ. ಮೈಸೂರಿನಿಂದ ರೈಲೂ ಇದೆ. ಕಮ್ಮಿ ಖರ್ಚಲ್ಲಿ ಸಮುದ್ರ ನೋಡುತ್ತಾ ಊಟ ಮಾಡಬೇಕು ಅನ್ನುವವರು ಧಾರಾಳವಾಗಿ ಹೋಗಿ. ನಮ್ಮ ಕಷ್ಟ ಬೇರೆ. ಮುರ್ಡೇಶ್ವರಕ್ಕೆ ಹೋದರೆ ನೆಂಟರು ಒಬ್ಬರಾದರೂ ಸಿಗುತ್ತಾರೆ. ಸಿಕ್ಕಿದರೆ ಅದೇ ಪ್ರಶ್ನೆ.

ಹಾಗಾಗಿ ಅಂಡಮಾನ್. ಹ್ಯಾವ್‌ಲಾಕ್ ಅಂತ ಕರೆಯುತ್ತಿದ್ದ ದ್ವೀಪ, 2018ರ ಡಿಸೆಂಬರ್‌ನಿಂದ ಅದರ ಹೆಸರು ಸ್ವರಾಜ್ ದ್ವೀಪ. ಬೆಂಗಳೂರಿನಿಂದ ವಿಮಾನದಲ್ಲಿ ಪೋರ್ಟ್ ಬ್ಲೇರ್, ಅಂದರೆ ಈಗಿನ ಶ್ರೀ ವಿಜಯಪುರಂ. ಅಲ್ಲಿಂದ ಹಡಗಿನಲ್ಲಿ ಸುಮಾರು ಎರಡು ಗಂಟೆ.

ಇನ್ನು ರೆಸ್ಟೋರೆಂಟ್ ಹುಡುಕಾಟ. ನಿಮ್ಮಲ್ಲಿ ಯಾರಾದರೂ ಇದನ್ನು ಮಾಡಿದ್ದರೆ ಗೊತ್ತಿರುತ್ತದೆ, ಅದಕ್ಕೆ ಕೊನೆಯೇ ಇಲ್ಲ. ರಾತ್ರಿ ಹನ್ನೊಂದರ ತನಕ ಫೋನ್‌ನಲ್ಲಿ ಮುಖ ಹುದುಗಿಸಿಕೊಂಡು ಕೂತಿರುತ್ತಿದ್ದೆ. ‘ಅಲ್ಲಿ ಒಟ್ಟಿಗೆ ಊಟ ಮಾಡೋ ಜಾಗ ಹುಡುಕೋಕೆ ಅಂತ ಇಲ್ಲಿ ಒಟ್ಟಿಗೆ ಊಟ ಮಾಡೋದನ್ನೇ ಬಿಟ್ಟಿದ್ದೀಯಲ್ಲ’ ಅಂತ ಇವರು ಒಂದು ದಿನ ಬೇಜಾರು ಮಾಡಿಕೊಂಡರು. ಅದು ನಿಜವೇ ಆಗಿತ್ತು.

ಎಲ್ಲ ರೆಸ್ಟೋರೆಂಟ್‌ಗಳ ಫೋಟೋನೂ ಒಂದೇ ಥರ. ನೀಲಿ ಸಮುದ್ರ, ಬಿಳಿ ಪರದೆ, ಮರಳಿನ ಮೇಲೆ ದೀಪ. ಒಂದು ಕಡೆ ಇಬ್ಬರಿಗೆ ಆರು ಸಾವಿರದ ಕ್ಯಾಂಡಲ್‌ಲೈಟ್ ಡಿನ್ನರ್ ಇತ್ತು. ರಾತ್ರಿ ಎಂಟಕ್ಕೆ ಶುರು. ಮೆನು ನೋಡಿದೆ, ಸಿಗಡಿ, ಏಡಿ, ಲಾಬ್‌ಸ್ಟರ್. ನಾವು ಸಸ್ಯಾಹಾರಿಗಳು ಅಂತ ಮೆಸೇಜ್ ಹಾಕಿದರೆ, ‘ನೋ ಪ್ರಾಬ್ಲಂ ಮ್ಯಾಡಂ, ಪನೀರ್ ಟಿಕ್ಕಾ ಕೊಡ್ತೀವಿ’ ಅಂದರು. ಪನೀರ್ ಟಿಕ್ಕಾ ತಿನ್ನೋಕೆ ಬಂಗಾಳ ಕೊಲ್ಲಿ ದಾಟಬೇಕಿತ್ತಾ? ಅದೂ ಇರಲಿ, ಎಲ್ಲರೂ ಹೊಗಳುವ ರಾಧಾನಗರ ಬೀಚ್‌ನ ಕಡೆಯದ್ದು ಅಂತ ಬುಕ್ ಮಾಡಲು ಹೊರಟಿದ್ದೆ. ಅಷ್ಟರಲ್ಲಿ ಇವರು ಒಂದು ಮಾತು ಕೇಳಿದರು. ‘ಎಂಟು ಗಂಟೆಗೆ ಸಮುದ್ರ ಕಾಣತ್ತಾ?’

ಕಾಣಲ್ಲ. ಇದು ಯಾಕೋ ನನಗೆ ಹೊಳೆದೇ ಇರಲಿಲ್ಲ. ಮೈಸೂರು ಮತ್ತು ಸ್ವರಾಜ್ ದ್ವೀಪ ಹೆಚ್ಚುಕಮ್ಮಿ ಒಂದೇ ಅಕ್ಷಾಂಶದಲ್ಲಿವೆ, ಎರಡೂ 12 ಡಿಗ್ರಿಯ ಆಸುಪಾಸು. ಆದರೆ ಆ ದ್ವೀಪ ನಮಗಿಂತ 16 ಡಿಗ್ರಿ ಪೂರ್ವಕ್ಕಿದೆ. ಒಂದು ಡಿಗ್ರಿಗೆ 4 ನಿಮಿಷದ ಲೆಕ್ಕದಲ್ಲಿ ಒಂದು ಗಂಟೆಗೂ ಮಿಕ್ಕಿ ಮುಂಚೆ ಅಲ್ಲಿ ಹೊತ್ತು ಮುಳುಗುತ್ತದೆ. ಗಡಿಯಾರ ಮಾತ್ರ ಇಡೀ ದೇಶಕ್ಕೆ ಒಂದೇ. ಫೆಬ್ರವರಿಯಲ್ಲಿ ಮೈಸೂರಲ್ಲಿ 6.30ರ ಹೊತ್ತಿಗೆ ಸೂರ್ಯ ಮುಳುಗಿದರೆ ಅಲ್ಲಿ 5.30ಕ್ಕೇ ಮುಗಿಯಿತು. ಎಂಟು ಗಂಟೆಯ ‘ಸೀ ವ್ಯೂ’ ಟೇಬಲ್ ಅಂದರೆ ಕಪ್ಪು ಗೋಡೆಯ ಮುಂದೆ ಕೂತ ಹಾಗೆ. ಅಲೆಯ ಸದ್ದು ಕೇಳಬಹುದು, ಅಷ್ಟೇ.

ಇನ್ನೊಂದು ತೊಂದರೆ ದಿಕ್ಕಿನದ್ದು. ರಾಧಾನಗರ ಬೀಚ್ ಇರುವುದು ದ್ವೀಪದ ಪಶ್ಚಿಮಕ್ಕೆ, ಸೂರ್ಯಾಸ್ತ ಕಾಣುವುದು ಅಲ್ಲಿಂದ. ಹಡಗುಕಟ್ಟೆಯಿಂದ ಸುಮಾರು 12 ಕಿಲೋಮೀಟರ್. ಕತ್ತಲಾದ ಮೇಲೆ ಆ ಕಡೆಯಿಂದ ವಾಪಸ್ ಬರಲು ಗಾಡಿಯನ್ನು ಮೊದಲೇ ಗೊತ್ತು ಮಾಡಿಕೊಂಡಿರಬೇಕು. ಗೋವಿಂದನಗರ, ವಿಜಯನಗರದ ಬೀಚ್‌ಗಳು ಪೂರ್ವಕ್ಕೆ. ಅಲ್ಲಿ ಸಣ್ಣಪುಟ್ಟ ರೆಸಾರ್ಟು, ಹೋಟೆಲ್‌ಗಳು ಜಾಸ್ತಿ, ಆದರೆ ಸೂರ್ಯಾಸ್ತ ಇಲ್ಲ. ಸೂರ್ಯಾಸ್ತ ಬೇಕಾದರೆ ಐದು ಗಂಟೆಗೇ ಊಟಕ್ಕೆ ಕೂರಬೇಕು, ನೆಮ್ಮದಿಯ ಊಟ ಬೇಕಾದರೆ ಸೂರ್ಯಾಸ್ತ ಬಿಡಬೇಕು. ಅಲ್ಲಿಗೆ ಬಂದು ನಿಂತಿತು.

ಆಗ ಪರಿಹಾರ ಹೇಳಿದ್ದು ನಮ್ಮ ಅತ್ತೆ. ಅವರಿಗೆ ಗೂಗಲ್ ಮ್ಯಾಪ್ ಬರಲ್ಲ. ಒಂಟಿಕೊಪ್ಪಲ್ ಪಂಚಾಂಗ ಬರುತ್ತೆ. ನಾನು ಫೋನ್‌ನಲ್ಲಿ ಇವರಿಗೆ ‘ವಿಜಯನಗರದಲ್ಲಿ ಒಂದು ಹೋಟೆಲ್ ಇದೆ ರೀ’ ಅನ್ನುತ್ತಿದ್ದೆ. ಅವರೆಕಾಯಿ ಸುಲಿಯುತ್ತಿದ್ದ ಅತ್ತೆ, ‘ವಿಜಯನಗರಕ್ಕಾ? ಫಸ್ಟ್ ಸ್ಟೇಜಾ, ಸೆಕೆಂಡ್ ಸ್ಟೇಜಾ?’ ಅಂತ ಕೇಳಿದರು. ನಕ್ಕು ನಕ್ಕು ಎಲ್ಲ ವಿವರಿಸಿದೆ. ಕೈ ಒರೆಸಿಕೊಂಡು ಪಂಚಾಂಗ ತೆಗೆದರು. ‘ಫೆಬ್ರವರಿ 12, ಬುಧವಾರ ತಾನೆ? ಅವತ್ತು ಭಾರತ ಹುಣ್ಣಿಮೆ ಕಣೇ. ಸೂರ್ಯ ಮುಳುಗೋ ಹೊತ್ತಿಗೆ ಚಂದ್ರ ಹುಟ್ತಾನೆ. ಪೂರ್ವಕ್ಕೆ ಮುಖ ಮಾಡಿ ಕೂತ್ಕೊಳ್ಳಿ’ ಅಂದರು.

ಎರಡು ವಾರದ ಹುಡುಕಾಟ ಒಂದು ನಿಮಿಷದಲ್ಲಿ ಮುಗಿಯಿತು. ಹುಣ್ಣಿಮೆಯ ದಿನ ಪೂರ್ವದ ಕಡಲು ಕತ್ತಲಾಗುವುದಿಲ್ಲ. ಎಂಟು ಗಂಟೆಗೂ ಬೆಳಕಿರುತ್ತದೆ.

ಆಮೇಲೆ ನಾನು ಆ್ಯಪ್ ಬಿಟ್ಟು ಪೂರ್ವದ ದಂಡೆಯ ಒಂದು ಸಣ್ಣ ಹೋಟೆಲ್‌ಗೆ ನೇರವಾಗಿ ಫೋನ್ ಮಾಡಿದೆ. ಕೇಳಿದ ಪ್ರಶ್ನೆಗಳನ್ನು ನಿಮಗೂ ಹೇಳುತ್ತೇನೆ. ಗೋವಾ ಇರಲಿ, ಗೋಕರ್ಣ ಇರಲಿ, ಬಾಲಿ ಇರಲಿ, ಕೆಲಸಕ್ಕೆ ಬರುತ್ತವೆ.

ನಮ್ಮ ಟೇಬಲ್‌ನಿಂದ ನೀರು ಕಾಣುತ್ತಾ, ಇಲ್ಲಾ ಮುಂದಿನ ಸಾಲಿನವರ ತಲೆ ಕಾಣುತ್ತಾ? ಕಡಲು ಯಾವ ದಿಕ್ಕಿಗಿದೆ? ಆ ಹೊತ್ತಿನಲ್ಲಿ ಉಬ್ಬರವೋ ಇಳಿತವೋ? ಸಸ್ಯಾಹಾರಿಗಳಿಗೆ ನಿಮ್ಮ ಮನೆಯಲ್ಲಿ ಏನು ಅಡುಗೆ ಮಾಡುತ್ತೀರೋ ಅದನ್ನೇ ಕೊಡಬಹುದಾ? ವಾಪಸ್ ರೂಮಿಗೆ ನಡೆದು ಹೋಗಬಹುದಾ? ಹಾಡು, ಮೈಕು, ಕೇಕು ಇಲ್ಲದೆ ಸುಮ್ಮನೆ ಕೂರಲು ಬಿಡುತ್ತೀರಾ?

ಫೋನ್ ಎತ್ತಿದವರು ಪ್ರಾಮಾಣಿಕರು. ಹಿಂದಿಯಲ್ಲಿ, ‘ಐದು ಗಂಟೆಗೆ ಬಂದರೆ ನೀರು ದೂರ ಹೋಗಿರುತ್ತೆ, ಬರೀ ಕಲ್ಲು, ಹವಳದ ಚೂರು ಕಾಣುತ್ತೆ. ಹುಣ್ಣಿಮೆ ಅಲ್ವಾ, ಜಾಸ್ತಿಯೇ ಹಿಂದೆ ಹೋಗುತ್ತೆ. ಏಳರ ಮೇಲೆ ಬನ್ನಿ, ನೀರು ಹತ್ತಿರ ಬಂದಿರುತ್ತೆ’ ಅಂದರು. ಹುಣ್ಣಿಮೆ, ಅಮಾವಾಸ್ಯೆಗೆ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು ಅಂತ ಶಾಲೆಯಲ್ಲಿ ಓದಿದ್ದು ಆವತ್ತು ಉಪಯೋಗಕ್ಕೆ ಬಂತು. ಕೊನೆಗೆ ಅವರೂ ಕೇಳಿದರು, ‘ಏನಾದ್ರೂ ವಿಶೇಷನಾ ಮ್ಯಾಡಂ?’ ನಾನು ಒಂದು ಕ್ಷಣ ಸುಮ್ಮನಿದ್ದು, ‘ಇಬ್ಬರೂ ಮಾತಾಡೋದಿದೆ’ ಅಂದೆ. ‘ಹಾಗಾದ್ರೆ ಮೂಲೆಯ ಟೇಬಲ್ ಇಡ್ತೀನಿ’ ಅಂದರು.

ಫೆಬ್ರವರಿ 12ರ ಸಂಜೆ ಮೊದಲು ದಂಡೆಯ ಮೇಲೆ ಕೂತು ಚಂದ್ರ ಹುಟ್ಟುವುದನ್ನು ನೋಡಿದೆವು. ಮೊದಲಿಗೆ ಏನೂ ಕಾಣಲಿಲ್ಲ, ದಿಗಂತದಲ್ಲಿ ಮಬ್ಬು. ‘ಮೋಡ ಇದ್ದರೆ ಅಮ್ಮನಿಗೆ ಏನು ಹೇಳೋದು?’ ಅಂತ ಇವರು ತಮಾಷೆ ಮಾಡುತ್ತಿರುವಾಗಲೇ ಕೆಂಪಗೆ, ದೊಡ್ಡ ಒಬ್ಬಟ್ಟಿನ ಹಾಗೆ ಮೇಲೆ ಬಂತು. ಏಳೂವರೆಗೆ ಮೂಲೆಯ ಟೇಬಲ್‌ಗೆ ಹೋದೆವು. ಗಾಳಿಗೆ ಮೇಣದಬತ್ತಿ ನಿಲ್ಲಲಿಲ್ಲ. ಮೂರು ಸಲ ಹಚ್ಚಿ ಹುಡುಗ ಕೈಬಿಟ್ಟ. ಬೇಕಾಗಿಯೂ ಇರಲಿಲ್ಲ, ನೀರಿನ ಮೇಲೆ ಬೆಳದಿಂಗಳು ಹಾಸಿತ್ತು.

ಊಟಕ್ಕೆ ಬಂದಿದ್ದು ಅನ್ನ, ಬೇಳೆ, ಕರಿದ ಬದನೆಕಾಯಿ, ಗಸಗಸೆ ಅರೆದು ಮಾಡಿದ ಆಲೂಗಡ್ಡೆ ಪಲ್ಯ. ಆ ದ್ವೀಪದಲ್ಲಿ ನೆಲೆ ನಿಂತವರಲ್ಲಿ ಹೆಚ್ಚಿನವರು ದೇಶ ವಿಭಜನೆಯಾದ ಮೇಲೆ ಪೂರ್ವ ಬಂಗಾಳದಿಂದ ಬಂದ ಕುಟುಂಬಗಳು. ಅವರ ಮನೆ ಅಡುಗೆ ಅದು. ಪನೀರ್ ಟಿಕ್ಕಾ ಬೇಡ ಅಂದಿದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅನ್ನಕ್ಕೆ ಬೇಳೆ ಕಲಸುತ್ತಾ ಇವರು ತಲೆ ಎತ್ತದೆ ಹೇಳಿದರು. ‘ಮೂರನೇ ಸಲ ನೀನು ಬೇಕು ಅಂದ್ರೆ, ನಾನು ಬೇಡ ಅನ್ನಲ್ಲ.’

ನನಗೆ ನಗುವೂ ಅಳುವೂ ಒಟ್ಟಿಗೆ ಬಂತು. ‘ಎಂಟು ತಿಂಗಳಿಂದ ನಾನೂ ಅದೇ ಅಂದ್ಕೊಂಡಿದ್ದೀನಿ ರೀ. ನೀವು ಬೇಕು ಅಂದ್ರೆ ನಾನು ಬೇಡ ಅನ್ನಬಾರದು ಅಂತ.’

‘ಹಾಗಾದ್ರೆ ಬೇಕಾಗಿರೋದು ಯಾರಿಗೆ?’ ಅಂದರು.

ಇಬ್ಬರಿಗೂ ಬೇಕಿದ್ದದ್ದು ಮಗು, ಇನ್ನೊಂದು ಸಲದ ಇಂಜೆಕ್ಷನ್ನು, ಕಾಯುವಿಕೆ, ಆ ಫೋನ್ ಕಾಲ್ ಅಲ್ಲ. ಒಬ್ಬರಿಗಾಗಿ ಒಬ್ಬರು ಸಹಿಸಿಕೊಳ್ಳಲು ತಯಾರಾಗಿ ಕೂತಿದ್ದೆವು. ಸಾಕು ಅನ್ನುವ ಮಾತನ್ನು ನಾನೇ ಮೊದಲು ಆಡಿದೆ. ಇವರು ಎಡಗೈ ಚಾಚಿ ನನ್ನ ಕೈ ಹಿಡಿದುಕೊಂಡರು. ಬಲಗೈ ಎಂಜಲಾಗಿತ್ತಲ್ಲ. ನಾನು ಅತ್ತೆ. ಯಾರೂ ಕೇಕ್ ತರಲಿಲ್ಲ, ಯಾರೂ ಹಾಡಲಿಲ್ಲ. ಅಲೆ ಹತ್ತಿರ ಬಂದಿತ್ತು, ಅದರ ಸದ್ದಿನಲ್ಲಿ ನಾನು ಅತ್ತಿದ್ದು ಪಕ್ಕದ ಟೇಬಲ್‌ನವರಿಗೂ ಕೇಳಿಸಿರಲಿಕ್ಕಿಲ್ಲ.

ಬೇರೆಯವರ ತೀರ್ಮಾನ ಬೇರೆ ಇರಬಹುದು, ಮೂರನೇ ಸಲಕ್ಕೋ ನಾಲ್ಕನೇ ಸಲಕ್ಕೋ ಮಗು ಎತ್ತಿಕೊಂಡವರು ನನ್ನ ಸ್ನೇಹಿತರಲ್ಲೇ ಇದ್ದಾರೆ. ನಾನು ಹೇಳುತ್ತಿರುವುದು ಊಟದ ಜಾಗದ ಬಗ್ಗೆ. ಚೆಂದದ ಜಾಗ ಹುಡುಕುವ ಮೊದಲು ಅಲ್ಲಿ ಕೂತು ಏನು ಮಾತಾಡಬೇಕು ಅಂತ ಯೋಚಿಸಿ. ಕುಣಿಯೋದಿದ್ದರೆ ಹಾಡಿರುವ ಕಡೆ ಹೋಗಿ. ಮಾತಾಡೋದಿದ್ದರೆ ಮೂಲೆಯ ಟೇಬಲ್ ಕೇಳಿ. ಹಾಗೆಯೇ ಮನೆಯಲ್ಲಿ ಪಂಚಾಂಗ ನೋಡುವವರಿದ್ದರೆ ಹುಣ್ಣಿಮೆ ಯಾವತ್ತು ಅಂತಲೂ ಕೇಳಿಬಿಡಿ. ಮುಂಗಾರು ಕೇರಳಕ್ಕಿಂತ ಮೊದಲೇ, ಮೇ ತಿಂಗಳಲ್ಲೇ ಅಂಡಮಾನ್ ಮುಟ್ಟುವುದರಿಂದ ಏಪ್ರಿಲ್‌ಗೆ ಮುಂಚೆಯ ಹುಣ್ಣಿಮೆಗಳೇ ಒಳ್ಳೆಯದು.

ವಾಪಸ್ ಬಂದ ಮಾರನೇ ದಿನ ಅತ್ತೆಗೆ ಎಲ್ಲ ಹೇಳಿದೆವು. ಬೈಯುತ್ತಾರೆ, ಅಳುತ್ತಾರೆ ಅಂತ ಅಂದುಕೊಂಡಿದ್ದೆ. ‘ಗೊತ್ತಿತ್ತು ಬಿಡು. ನೀವೇ ಹೇಳ್ಲಿ ಅಂತ ಸುಮ್ನಿದ್ದೆ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಚಂದ್ರ ಕಂಡ್ನಾ?’ ಅಂತ ಕೇಳಿದರು.

ಅದೇ ವಾರ ಸಂಜೆ ಆಶ್ರಮದ ಕಡೆಯಿಂದ ಇಬ್ಬರೂ ನಡೆದು ಬರುತ್ತಿದ್ದೆವು. ಹಿಂದಿನ ಬೀದಿಯ ಆಂಟಿ ಎದುರಾದರು. ನನ್ನ ಮುಖ ನೋಡಿ, ಅತ್ತೆಯ ಕಡೆ ತಿರುಗಿ, ‘ಏನ್ರೀ, ಸೊಸೆ ಕಡೆಯಿಂದ ಏನಾದ್ರೂ ವಿಶೇಷ ಇದೆಯಾ?’ ಅಂದರು. ನಾನು ಚಪ್ಪಲಿ ನೋಡುತ್ತಾ ನಿಂತೆ.

‘ಹೂಂ, ಇದೆ’ ಅಂದರು ಅತ್ತೆ. ‘ಇಬ್ಬರೂ ಅಂಡಮಾನ್‌ಗೆ ಹೋಗಿ ಭಾರತ ಹುಣ್ಣಿಮೆ ನೋಡ್ಕೊಂಡು ಬಂದ್ರು. ಬನ್ನಿ ಮನೆಗೆ, ಫೋಟೋ ತೋರಿಸ್ತೀನಿ.’