ತಜ್ಞರೂ ಊರಿನ ವೈದ್ಯರೂ



ರೋಗವನ್ನು ಆಳವಾಗಿ ಬಲ್ಲವರು ತಜ್ಞರು. ರೋಗಿಯನ್ನು ಬಲ್ಲವರು ಊರಿನ ವೈದ್ಯರು. ವೈದ್ಯನು ಗುಣಪಡಿಸುವುದು 'ಮಾನವ' ಎಂಬ ಸಾಮಾನ್ಯ ಕಲ್ಪನೆಯನ್ನಲ್ಲ, ಹೆಸರುಳ್ಳ ಒಬ್ಬ ವ್ಯಕ್ತಿಯನ್ನು ಎಂಬುದನ್ನು ಅರಿಸ್ಟಾಟಲ್ ತನ್ನ ತತ್ವಮೀಮಾಂಸೆಯ ಆರಂಭದಲ್ಲಿಯೇ ತೋರಿಸಿದ್ದಾನೆ. ಈ ಎರಡು ಬಗೆಯ ಅರಿವು ಒಂದುಗೂಡದೆ ಚಿಕಿತ್ಸೆ ಪೂರ್ಣವಾಗದು.

ಆದರೆ ನಡೆಯುತ್ತಿರುವುದೇನು? ಚೀಟಿ ಹಿಡಿದು ದೊಡ್ಡಾಸ್ಪತ್ರೆಗೆ ಹೋದ ರೋಗಿ ಹೊಸ ಮಾತ್ರೆಗಳೊಡನೆ ಮರಳುತ್ತಾನೆ. ಅವನ್ನೇಕೆ ಕೊಟ್ಟರು, ಎಷ್ಟು ಕಾಲ ಸೇವಿಸಬೇಕು ಎಂಬುದು ಊರಿನ ವೈದ್ಯರಿಗೆ ತಿಳಿಯದು. ಮಾತ್ರೆ ಮುಗಿದ ದಿನ ಚಿಕಿತ್ಸೆಯೂ ಮುಗಿಯುತ್ತದೆ. ಮಾನಸಿಕ ವ್ಯಾಧಿಯಲ್ಲಿ ಇದರ ಬೆಲೆ ತೆರುವುದು ಇಡೀ ಕುಟುಂಬ.

ಊರಿನ ವೈದ್ಯರು ಬಯಸುವುದು ರೋಗಿಯನ್ನು ಕರೆದೊಯ್ಯುವವರನ್ನಲ್ಲ, ತಮ್ಮ ಬದಿಯಲ್ಲಿ ನಿಲ್ಲುವವರನ್ನು. ಸಂಶಯ ಬಂದಾಗ ನೇರವಾಗಿ ಕೇಳಬಲ್ಲ ಪರಿಚಿತ ತಜ್ಞ, ರೋಗಿ ಮತ್ತೆ ಬರುವ ಮೊದಲೇ ತಲುಪುವ ಉತ್ತರ, ಔಷಧಿ ಒಗ್ಗದಿದ್ದರೆ ಮುಂದೇನೆಂಬ ಸ್ಪಷ್ಟ ಸಲಹೆ, ಪ್ರಕರಣ ತಮ್ಮ ಕೈಮೀರಿದಾಗ ವಿಳಂಬವಿಲ್ಲದ ಪ್ರವೇಶ: ಇಷ್ಟಿದ್ದರೆ ಸಾಕು. ಹೆಚ್ಚುವರಿ ನಮೂನೆಗಳನ್ನೂ ಸುತ್ತೋಲೆಗಳನ್ನೂ ಹೊರಿಸುವ 'ನೆರವು' ನೆರವಲ್ಲ.

ಇದು ಬರಿಯ ಆದರ್ಶವಲ್ಲ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಹೆಪಟೈಟಿಸ್ ಸಿ ರೋಗಿಗಳು ತಜ್ಞರ ಭೇಟಿಗಾಗಿ ತಿಂಗಳುಗಟ್ಟಲೆ ಕಾಯಬೇಕಿತ್ತು. ಯಕೃತ್ತಿನ ತಜ್ಞ ಡಾ. ಸಂಜೀವ್ ಅರೋರಾ 2003ರಲ್ಲಿ 'ಎಕೋ' ಎಂಬ ಯೋಜನೆಯನ್ನು ಆರಂಭಿಸಿ, ದೂರದ ಊರುಗಳ ಹಾಗೂ ಸೆರೆಮನೆಗಳ ವೈದ್ಯರೊಡನೆ ವೀಡಿಯೋ ಮೂಲಕ ಒಂದೊಂದೇ ರೋಗಿಯ ವಿಷಯವನ್ನು ಚರ್ಚಿಸತೊಡಗಿದರು. 2011ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಗುಣ ಹೊಂದಿದವರು ವಿಶ್ವವಿದ್ಯಾಲಯದ ಚಿಕಿತ್ಸಾಲಯದಲ್ಲಿ ಶೇಕಡಾ 57.5, ಈ ವೈದ್ಯರ ಕೈಯಲ್ಲಿ ಶೇಕಡಾ 58.2. ರೋಗಿ ತನ್ನ ಊರಿನಲ್ಲಿಯೇ ಉಳಿದ, ಸಂಚರಿಸಿದ್ದು ಜ್ಞಾನ.

ನಮ್ಮ ನಾಡಿಗೂ ಇದು ಹೊಸತಲ್ಲ. 1980ರ ದಶಕದಲ್ಲಿಯೇ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮನೋವ್ಯಾಧಿಗಳ ಚಿಕಿತ್ಸೆಯಲ್ಲಿ ತರಬೇತಿ ನೀಡಿತು. 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿ. ಮುಂದೆ ನಿಮ್ಹಾನ್ಸ್ 'ಎಕೋ' ಪದ್ಧತಿಯನ್ನೂ ಕೈಗೊಂಡಿತು. ತರಬೇತಿ ಒಮ್ಮೆ ಮುಗಿಯುತ್ತದೆ, ಒಡನಾಟ ಮುಗಿಯಬಾರದು.

ಕುಟುಂಬಗಳ ಪಾಲೂ ಇದರಲ್ಲಿದೆ. ತಜ್ಞರನ್ನು ಕಂಡಾಗ ಊರಿನ ವೈದ್ಯರಿಗೊಂದು ಪತ್ರವನ್ನು ಕೇಳಿ ಪಡೆಯೋಣ. ಮರಳಿದೊಡನೆ ಅದನ್ನು ಅವರಿಗೆ ಒಪ್ಪಿಸೋಣ. ಇಬ್ಬರು ವೈದ್ಯರ ನಡುವಿನ ಮೌನಕ್ಕೆ ರೋಗಿಯು ಬಲಿಯಾಗದಿರಲಿ.