ಮಕ್ಕಳ ಟಾನ್ಸಿಲ್ ಮತ್ತು ಎಚ್‌ಪಿವಿ ಲಸಿಕೆ: ಹೆದರಿಕೆ ಬೇಡ, ತಿಳಿವಳಿಕೆ ಬೇಕು



2024ರ ಫೆಬ್ರವರಿ 1ರ ಮಧ್ಯಂತರ ಬಜೆಟ್‌ನಲ್ಲಿ ಕೇಂದ್ರ ಸರ್ಕಾರವು 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯನ್ನು ಪ್ರೋತ್ಸಾಹಿಸುವುದಾಗಿ ಹೇಳಿತು. 2025ರ ಮಾರ್ಚ್ ಬಜೆಟ್‌ನಲ್ಲಿ ತಮಿಳುನಾಡು ಸರ್ಕಾರವೂ 14 ವರ್ಷದ ಹುಡುಗಿಯರಿಗೆ ಇದೇ ಎಚ್‌ಪಿವಿ ಲಸಿಕೆಯನ್ನು ಘೋಷಿಸಿತು. ಆಗ ತಂದೆತಾಯಿಯರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಇಷ್ಟು ಚಿಕ್ಕ ಮಕ್ಕಳಿಗೆ ಇದು ಯಾಕೆ? ಉತ್ತರದ ಒಂದು ಭಾಗ ಮಕ್ಕಳ ಟಾನ್ಸಿಲ್‌ನಲ್ಲೇ ಸಿಗುತ್ತದೆ.

ಎಚ್‌ಪಿವಿ ಎಂಬ ವೈರಸ್‌ನಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಹೆಚ್ಚಿನವು ನರುಳ್ಳೆಯಂಥ ಸಣ್ಣ ತೊಂದರೆ ಕೊಟ್ಟು ಹೋಗುತ್ತವೆ. ಆದರೆ 16 ಮತ್ತು 18ನೇ ಬಗೆಗಳು ಗರ್ಭಕಂಠದ ಕ್ಯಾನ್ಸರಿಗೆ ಮುಖ್ಯ ಕಾರಣ. ಈ ನಂಟನ್ನು ತೋರಿಸಿಕೊಟ್ಟ ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಅಮೆರಿಕ, ಯುರೋಪಿನಲ್ಲಿ ದೊಡ್ಡವರ ಟಾನ್ಸಿಲ್ ಕ್ಯಾನ್ಸರಿನಲ್ಲೂ 16ನೇ ಬಗೆ ಕಾಣಿಸಿಕೊಂಡಿತು. ಹಾಗಾದರೆ ಅದು ಬಾಲ್ಯದಿಂದಲೇ ಗಂಟಲಲ್ಲಿ ಅಡಗಿರುತ್ತದೆಯೇ?

ಇದನ್ನು ತಿಳಿಯಲು, ಪದೇ ಪದೇ ಸೋಂಕು ಅಥವಾ ಗೊರಕೆಯ ಕಾರಣಕ್ಕೆ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಟಾನ್ಸಿಲ್‌ಗಳನ್ನು ಹಲವು ದೇಶಗಳಲ್ಲಿ ಪರೀಕ್ಷಿಸಿದರು. ಹೆಚ್ಚಿನ ಕಡೆ ವೈರಸ್ ಸಿಗಲೇ ಇಲ್ಲ, ಇಲ್ಲವೆ ನೂರರಲ್ಲಿ ಕೆಲವರಲ್ಲಿ ಮಾತ್ರ ಸಿಕ್ಕಿತು. ಬ್ರಿಟನ್ನಿನಲ್ಲಿ ಸಾವಿರಾರು ಟಾನ್ಸಿಲ್ ನೋಡಿದಾಗಲೂ ಸೋಂಕು ಬಹಳ ಅಪರೂಪ ಎಂದೇ ಕಂಡುಬಂತು. ವರದಿಗಳ ಅಂಕಿಗಳಲ್ಲಿ ವ್ಯತ್ಯಾಸವಿರುವುದು ಪರೀಕ್ಷೆಯ ವಿಧಾನದಿಂದಲೂ ಹೌದು. ಪಿಸಿಆರ್ ಪರೀಕ್ಷೆ ಎಷ್ಟು ಸೂಕ್ಷ್ಮವೆಂದರೆ ಹೊರಗಿನಿಂದ ಅಂಟಿದ ಚೂರು ಅಂಶವನ್ನೂ ತೋರಿಸಿಬಿಡುತ್ತದೆ. ವೈರಸ್ಸಿನ ಕುರುಹು ಸಿಕ್ಕಿತೆಂದರೆ ಕಾಯಿಲೆ ಇದೆ ಎಂದಲ್ಲ. ಹೆಚ್ಚಿನ ಸೋಂಕುಗಳನ್ನು ದೇಹವೇ ಹೊರಹಾಕುತ್ತದೆ. ಹಾಗಾಗಿ ಮಗುವಿಗೆ ಟಾನ್ಸಿಲ್ ಊದಿತೆಂದು ಕ್ಯಾನ್ಸರಿನ ಭಯ ಬೇಡ. ವಾರಗಟ್ಟಲೆ ಧ್ವನಿ ಗೊಗ್ಗರಾಗಿದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ಹೆರಿಗೆಯ ವೇಳೆ ತಾಯಿಯಿಂದ ಬರುವ 6 ಮತ್ತು 11ನೇ ಬಗೆಗಳು ಅಪರೂಪಕ್ಕೆ ಧ್ವನಿಪೆಟ್ಟಿಗೆಯಲ್ಲಿ ಗಂಟು ಬೆಳೆಸುವುದುಂಟು.

ಈ ಲೆಕ್ಕದಿಂದ ತಿಳಿಯುವುದು ಇಷ್ಟೇ. ಮಕ್ಕಳಲ್ಲಿ ಅಪಾಯದ ವೈರಸ್ ಇನ್ನೂ ಮನೆ ಮಾಡಿರುವುದಿಲ್ಲ. ಲಸಿಕೆ ಬರುವ ಸೋಂಕನ್ನು ತಡೆಯುತ್ತದೆಯೇ ಹೊರತು ಬಂದದ್ದನ್ನು ವಾಸಿಮಾಡುವುದಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಪ್ರಯೋಜನವಿಲ್ಲವಲ್ಲ! ನಮ್ಮ ದೇಶದಲ್ಲಿ ಗರ್ಭಕಂಠದ ಕ್ಯಾನ್ಸರಿನಿಂದ ವರ್ಷಕ್ಕೆ 75 ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳು ಸಾಯುತ್ತಿದ್ದಾರೆ. ಆಸ್ಟ್ರೇಲಿಯಾ 2013ರಿಂದ, ಬ್ರಿಟನ್ 2019ರಿಂದ ಗಂಡುಮಕ್ಕಳಿಗೂ ಶಾಲೆಯಲ್ಲೇ ಈ ಲಸಿಕೆ ಕೊಡುತ್ತಿವೆ. ಒಂದು ಮಾತು ನೆನಪಿರಲಿ: ನಮ್ಮಲ್ಲಿ ಬಾಯಿಯ ಕ್ಯಾನ್ಸರಿಗೆ ದೊಡ್ಡ ಕಾರಣ ತಂಬಾಕು, ಗುಟ್ಕಾ, ಅಡಿಕೆ. ಅದಕ್ಕೆ ಈ ಲಸಿಕೆ ಮದ್ದಲ್ಲ.

ಇನ್ನು ನಂಬಿಕೆಯ ವಿಷಯ. 2009ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಈ ಲಸಿಕೆಯ ಯೋಜನೆಯೊಂದು ನಡೆಯಿತು. ಏಳು ಹುಡುಗಿಯರ ಸಾವಿನ ಸುದ್ದಿ ಬಂದು 2010ರ ಏಪ್ರಿಲ್‌ನಲ್ಲಿ ಅದು ನಿಂತಿತು. ಸಾವಿಗೂ ಲಸಿಕೆಗೂ ನಂಟಿಲ್ಲವೆಂದು ತನಿಖಾ ಸಮಿತಿ ಹೇಳಿತು. ಆದರೆ ಎಷ್ಟೋ ಮಕ್ಕಳ ಒಪ್ಪಿಗೆ ಪತ್ರಕ್ಕೆ ತಂದೆತಾಯಿಯರ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದು ಬೆಳಕಿಗೆ ಬಂತು. ಲಸಿಕೆಯ ಹೆಸರು ಕೆಟ್ಟದ್ದು ಅಲ್ಲಿ. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯೂ ಇದನ್ನು ಕಟುವಾಗಿ ಟೀಕಿಸಿತು.

ಗಡಿಯಲ್ಲಿರುವ ನಮಗೆ ಈ ಪಾಠ ಇನ್ನೂ ಹತ್ತಿರದ್ದು. ಕಾಸರಗೋಡಿನಲ್ಲಿ ಮಲಯಾಳಂ, ತಾಳವಾಡಿಯಲ್ಲಿ ತಮಿಳು, ಜತ್ತದಲ್ಲಿ ಮರಾಠಿ, ಆದೋನಿಯಲ್ಲಿ ತೆಲುಗು ಕಾಗದ ಕೈಗೆ ಬಂದರೆ, ಕನ್ನಡ ಮಾತ್ರ ಓದಬಲ್ಲ ತಾಯಿ ಏನೆಂದು ಸಹಿ ಹಾಕಬೇಕು? ತಿಳಿಯದೆ ಹಾಕಿದ ಸಹಿಯೂ ಒಪ್ಪಿಗೆಯಲ್ಲ, ತಿಳಿಯದೆ ಬೇಡವೆಂದದ್ದೂ ನಿರ್ಧಾರವಲ್ಲ.

ಆದ್ದರಿಂದ ಸದಸ್ಯರಲ್ಲಿ ನನ್ನ ವಿನಂತಿ: ಶಾಲೆಯಿಂದ ಇಂಥ ಪತ್ರ ಬಂದರೆ ಕನ್ನಡ ಪ್ರತಿ ಕೇಳಿ. ಇಲ್ಲವಾದರೆ ಎರಡೂ ಭಾಷೆ ಬಲ್ಲವರಿಂದ ಓದಿಸಿಕೊಳ್ಳಿ. ಹಿಂದಿನ ಅಲರ್ಜಿ, ಈಗಿನ ಜ್ವರ, ನಡೆಯುತ್ತಿರುವ ಔಷಧಿ ಇವನ್ನು ವೈದ್ಯರಿಗೆ ತಿಳಿಸಿ, ಸಂಶಯ ಕೇಳಿ, ಆಮೇಲೆ ಸಹಿ ಮಾಡಿ. ನೆರೆಮನೆಯ ತಾಯಂದಿರಿಗೂ ಈ ವಿಷಯ ಹೇಳಿ.

ಇಂತು ನಿಮ್ಮ,
ಕಾರ್ಯದರ್ಶಿ