ಕೂಡಿ ಹೊಲಿಯುವ ಕೌದಿ

ಕೂಡಿ ಬಾಳುವ ಮನೆಯಲ್ಲಿ ಮನಸ್ತಾಪ ಬರುವುದು ಸಹಜ. ಆದರೆ ಜಗಳವಾಡುವ ಮನೆಗಿಂತ ಮಾತು ನಿಂತುಹೋದ ಮನೆಯ ದುಃಖ ದೊಡ್ಡದು. ಒಂದೇ ಅಡುಗೆಮನೆಯಲ್ಲಿ ಅತ್ತೆ ಸೊಸೆಯರು ಮುಖ ತಿರುಗಿಸಿ ನಡೆಯುವಾಗ, ಮೊದಲು ಯಾರು ಮಾತನಾಡಬೇಕೆಂಬ ಅಭಿಮಾನವೇ ಅಡ್ಡಗೋಡೆಯಾಗುತ್ತದೆ. ತಾಯಿ ತೀರಿಕೊಂಡ ಬಳಿಕ ಆಕೆಯ ಸೀರೆಗಳ ಹಂಚಿಕೆಯಲ್ಲಿಯೇ ಮನಸ್ಸು ಮುರಿದುಕೊಂಡ ನೆಗೆಣ್ಣಿಯರನ್ನೂ ನಾವು ಕಂಡಿದ್ದೇವೆ. ಇಂತಹ ಮನೆಗಳಿಗೆ ನಮ್ಮ ಹಿರಿಯರ ಕೌದಿಯನ್ನು ನೆನಪಿಸಬೇಕೆನಿಸುತ್ತದೆ.

ಉತ್ತರ ಕರ್ನಾಟಕದಲ್ಲಿ ಕೌದಿಗೆಂದು ಹೊಸ ಬಟ್ಟೆ ಕೊಳ್ಳುವ ರೂಢಿಯಿಲ್ಲ. ಅಜ್ಜಿಯ ಸವೆದ ಇಳಕಲ್ಲ ಸೀರೆ, ಅಜ್ಜನ ಧೋತರ, ಕುಬಸದ ತುಂಡು, ಮಕ್ಕಳ ಹಳೆಯ ಅಂಗಿ ಪದರ ಪದರವಾಗಿ ಸೇರುತ್ತವೆ. ಬೇಕಾದುದು ಸೂಜಿ, ದಪ್ಪ ನೂಲು ಮತ್ತು ಸರಳವಾದ ಸಾಲುಹೊಲಿಗೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರು ಕೌದಿಯನ್ನು ಅಂಚಿನಿಂದ ಹಿಡಿದು, ಸುತ್ತು ಹಾಕುತ್ತ ನಡುವಿಗೆ ಬರುತ್ತಾರೆ. ಮನೆಯ ಕಠಿಣ ಮಾತನ್ನೂ ಹಾಗೆಯೇ ಅಂಚಿನಿಂದ ಆರಂಭಿಸುವುದು ಲೇಸು.

ಹೊಲಿಯುವಾಗ ಕಣ್ಣು ಬಟ್ಟೆಯ ಮೇಲಿರುತ್ತದೆ. ಎದುರಿನವರ ಮುಖ ನೋಡಲೇಬೇಕೆಂಬ ಸಂಕೋಚವಿಲ್ಲ. ಒಂದೇ ಬಗೆಯ ಹೊಲಿಗೆ ಮತ್ತೆ ಮತ್ತೆ ಬರುವಾಗ ಕೈಗೆ ಒಂದು ಲಯ ಸಿಕ್ಕುತ್ತದೆ, ಮನಸ್ಸಿನ ಕುದಿ ತಗ್ಗುತ್ತದೆ. "ಅತ್ತೀ, ಈ ತುಂಡು ಎಲ್ಲಿ ಹಚ್ಚಲಿ?" ಎಂಬ ಸಣ್ಣ ಪ್ರಶ್ನೆಯಿಂದ ತಿಂಗಳುಗಟ್ಟಲೆಯ ಮೌನ ಮುರಿಯಬಹುದು. ಹಳೆಯ ಸೀರೆಯೊಂದು ಕೈಗೆ ಬಂದಾಗ ಅದನ್ನು ಉಟ್ಟವರ ನೆನಪು ಬರುತ್ತದೆ. ಅವರನ್ನು ಕುರಿತು ಇಬ್ಬರೂ ಆಡುವ ಮಾತಿನಲ್ಲಿ ಜಗಳಕ್ಕೆ ಎಡೆಯಿರುವುದಿಲ್ಲ.

ಆರಂಭಿಸುವವರು ತೊಟ್ಟಿಲ ಮಗುವಿಗೆ ಸಾಲುವಷ್ಟು ಚಿಕ್ಕ ಕೌದಿಯನ್ನು ಆರಿಸಿಕೊಳ್ಳಲಿ. ಮನೆಯ ಪ್ರತಿಯೊಬ್ಬರ ಒಂದೊಂದು ಬಟ್ಟೆಯಾದರೂ ಅದರಲ್ಲಿ ಇರಲಿ. ಗಂಡುಮಕ್ಕಳೂ ಸೂಜಿ ಹಿಡಿಯಲಿ. ಒಂದು ನಿಯಮವನ್ನು ಮಾತ್ರ ಮರೆಯಬಾರದು: ಒಬ್ಬರ ಹೊಲಿಗೆ ಡೊಂಕಾಯಿತೆಂದು ಮತ್ತೊಬ್ಬರು ಬಿಚ್ಚಬಾರದು. ಸೊಸೆಯ ಡೊಂಕು ಸಾಲು ಅತ್ತೆಯ ನೇರ ಸಾಲಿನ ಪಕ್ಕದಲ್ಲಿಯೇ ಉಳಿಯಲಿ. ಕೌದಿಯ ಬೆಚ್ಚನೆಗೆ ಅದರಿಂದ ಕೊರತೆಯಾಗದು.

ಆದರೆ ಎಲ್ಲ ನೋವಿಗೂ ಸೂಜಿ ಮದ್ದಲ್ಲ. ಹೊಡೆತ, ವರದಕ್ಷಿಣೆಯ ಕಾಟ, ಬೆದರಿಕೆ ಇರುವಲ್ಲಿ ಹೆಣ್ಣುಮಗಳಿಗೆ ತಾಳ್ಮೆಯ ಉಪದೇಶ ಮಾಡುವುದು ಅನ್ಯಾಯ. ಅಂಥವರಿಗಾಗಿ 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಇದೆ, 181 ಸಹಾಯವಾಣಿ ಇದೆ. ನಾವು ಹೇಳುತ್ತಿರುವುದು ಪ್ರೀತಿ ಇದ್ದೂ ಮಾತು ಬತ್ತಿದ ಮನೆಗಳನ್ನು ಕುರಿತು.

ಅಂಥ ಮನೆಯವರು ಅಟ್ಟದ ಮೇಲಿನ ಹಳೆಯ ಬಟ್ಟೆಯ ಗಂಟನ್ನು ಕೆಳಗಿಳಿಸಲಿ. ಮಧ್ಯಾಹ್ನದ ಒಂದು ತಾಸು ಟಿ.ವಿ. ಆರಿಸಿ, ಪಡಸಾಲೆಯಲ್ಲಿ ಚಾಪೆ ಹಾಸಿ, ಕೂಡಿ ಕುಳಿತು ನೋಡಲಿ.